ಹೊಲಿಗೆಯ ತೂಕ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಬಹಳ ವರ್ಷ ಕೆಲಸ ಮಾಡಿದ ಮನುಷ್ಯನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಜಗತ್ತಿನ ಪ್ರತಿಯೊಂದು ವಸ್ತುವೂ ತಾನು ಹೇಳಿಕೊಳ್ಳುವುದಕ್ಕಿಂತ ಸ್ವಲ್ಪ ಕಡಿಮೆಯೇ ಇದೆ ಎಂದು ಅವನಿಗೆ ಅನ್ನಿಸತೊಡಗುತ್ತದೆ. ನಮ್ಮ ತಕ್ಕಡಿ ಸಾಹೇಬರಿಗೆ ಈ ಕಾಯಿಲೆ ಮೂಳೆಗೆ ಇಳಿದಿತ್ತು. ತಕ್ಕಡಿ ಸಾಹೇಬ ಎನ್ನುವುದು ಅಂಗಡಿಯವರು ಇಟ್ಟ ಹೆಸರು. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆದರು, ಈಗ ಹೆಂಡತಿಯ ತವರಿನವರೂ ಹಾಗೆಯೇ ಕರೆಯುತ್ತಾರೆ. ಸಾಹೇಬರು ಸೋಪು ಕೊಂಡರೆ ಅಂಗೈಯಲ್ಲಿ ಮೇಲೆ ಕೆಳಗೆ ಆಡಿಸಿ ನೋಡುತ್ತಾರೆ. ಯಾರಾದರೂ ಐದು ನಿಮಿಷದಲ್ಲಿ ಬಂದೆ ಅಂದರೆ ಗಡಿಯಾರ ನೋಡುತ್ತಾರೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಬೆಟ್ಟದಷ್ಟು ಪ್ರೀತಿ ಇದೆ ಅಂದಾಗ ಯಾವ ಬೆಟ್ಟ ಎಂದು ಕೇಳಿದ್ದರಂತೆ.

ಇಂಥವರು ಕಂಪ್ಯೂಟರ್ ಪಂಡಿತರಾದದ್ದು ಒಂದು ಅಪಘಾತ. ಕಚೇರಿಯ ಪ್ರಿಂಟರ್ ಒಂದು ದಿನ ಮುಷ್ಕರ ಹೂಡಿತು. ಸಾಹೇಬರು ಸಿಟ್ಟಿನಿಂದ ಅದರ ಪ್ಲಗ್ಗು ಕಿತ್ತರು, ಕಿತ್ತದ್ದಕ್ಕೆ ಹೆದರಿ ಮತ್ತೆ ಹಾಕಿದರು. ಪ್ರಿಂಟರ್ ಏನೂ ಆಗದವರ ಹಾಗೆ ಕಾಗದ ಉಗುಳತೊಡಗಿತು. ಮನೆಗೆ ಬಂದು ಹೆಂಡತಿಗೆ ಹೇಳುವಾಗ ಪ್ಲಗ್ಗಿನ ಸಂಗತಿ ಹೇಗೋ ಬಿಟ್ಟುಹೋಗಿ, ಸಿಸ್ಟಂ ಒಳಗೆ ಒಂದು ಅಡಚಣೆಯಿತ್ತು, ತೆಗೆದೆ ಎಂದಾಯಿತು. ಹೆಂಡತಿ ತನ್ನ ಅಕ್ಕನಿಗೆ ಫೋನಿನಲ್ಲಿ ಹೇಳುವಾಗ ಅಡಚಣೆ ಇನ್ನಷ್ಟು ಬೆಳೆಯಿತು. ಅಕ್ಕ ಗಂಡನಿಗೆ ಹೇಳುವ ಹೊತ್ತಿಗೆ, ತಕ್ಕಡಿ ಸಾಹೇಬರನ್ನು ಕೇಳದೆ ಇಲಾಖೆಯಲ್ಲಿ ಯಾರೂ ಕಂಪ್ಯೂಟರ್ ಮುಟ್ಟುವುದೇ ಇಲ್ಲ ಎಂಬಲ್ಲಿಗೆ ಬಂದು ನಿಂತಿತು. ಹೊಗಳಿಕೆಯನ್ನು ಮಾತ್ರ ಸಾಹೇಬರು ಯಾವತ್ತೂ ತೂಗಿ ನೋಡಿದವರಲ್ಲ. ಇದ್ದಷ್ಟನ್ನೂ ಹಾಗೆಯೇ ತೆಗೆದುಕೊಂಡರು.

ಅಕ್ಕನ ಗಂಡ, ಅಂದರೆ ಸಾಹೇಬರ ಷಡ್ಡಕ, ಡ್ರೈವಿಂಗ್ ಸ್ಕೂಲಿನ ಮಾಲೀಕರು. ಇವರೆಲ್ಲ ಅವರನ್ನು ಭಾವ ಎನ್ನುತ್ತಾರೆ. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು ಅವರೇ. ಕಲಿಸಿದ್ದು ಕೈಯಿಂದಲ್ಲ, ಗಂಟಲಿನಿಂದ. ಅವರ ಕೂಗಿಗೆ ಮುಂದಿನ ಕಾರಷ್ಟೇ ಅಲ್ಲ, ಅಡ್ಡರಸ್ತೆಯ ಸೈಕಲ್ಲುಗಳೂ ನಿಲ್ಲುತ್ತಿದ್ದವು. ಅವರಿಂದ ಕಲಿಯದೆ ಉಳಿದವರೆಂದರೆ ಅವರ ಹೆಂಡತಿ ಮಾತ್ರ. ಹಿಂದೆಂದೋ ಒಮ್ಮೆ ಅಕ್ಕ ಸ್ಟಿಯರಿಂಗ್ ಹಿಡಿದಿದ್ದರು. ಮೊದಲ ತಿರುವಿನಲ್ಲಿ ಭಾವ ಏನೆಂದರೋ ಅದನ್ನು ಇಬ್ಬರೂ ಇವತ್ತಿನವರೆಗೆ ಬಾಯಿಬಿಟ್ಟು ಹೇಳಿಲ್ಲ. ಆಮೇಲೆ ಅಕ್ಕ ಕಾರಿನ ವಿಷಯವನ್ನೇ ಎತ್ತಲಿಲ್ಲ. ಇತ್ತೀಚೆಗೆ ಭಾವನ ಸ್ಕೂಲಿನ ಎದುರಿಗೇ ಇನ್ನೊಂದು ಡ್ರೈವಿಂಗ್ ಸ್ಕೂಲು ತೆರೆದಿತ್ತು. ಅದರ ಮಾಲೀಕನ ದನಿ ಎಷ್ಟು ಮೆತ್ತಗೆಂದರೆ ಜನ ಅವನಿಗೆ ಸಕ್ಕರೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಆ ಹೆಸರು ಕೇಳಿದರೆ ಭಾವ ಊಟ ಬಿಟ್ಟು ಏಳುತ್ತಿದ್ದರು.

ಆ ಶನಿವಾರ ಸಾಹೇಬರು ಹೆಂಡತಿಯೊಡನೆ ಅಕ್ಕನ ಮನೆಗೆ ಹೋಗಿದ್ದರು. ಊಟದ ಮೇಜಿನ ಮೇಲೆ ಅಕ್ಕನ ಲ್ಯಾಪ್‌ಟಾಪ್ ತೆರೆದಿತ್ತು. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಎದ್ದು, ಅಪ್‌ಡೇಟ್ ಸಿದ್ಧವಿದೆ, ಈಗಲೋ ಆಮೇಲೋ ಎಂದು ವಿನಯದಿಂದ ಕೇಳಿತು. ಅಕ್ಕ ತಿಂಗಳುಗಟ್ಟಲೆಯಿಂದ ಆಮೇಲೆ ಎನ್ನುತ್ತಲೇ ಬಂದಿದ್ದರು. ಸಾಹೇಬರಿಗೆ ಇದನ್ನು ಸಹಿಸಲಾಗಲಿಲ್ಲ. ಮುದ್ರೆ ಹಾಕಿಸದ ತಕ್ಕಡಿ ಹೇಗೋ ಅಪ್‌ಡೇಟ್ ಮಾಡದ ಕಂಪ್ಯೂಟರ್ ಹಾಗೆ ಎಂದು ಚಿಕ್ಕ ಭಾಷಣ ಮಾಡಿ, ಅಕ್ಕ ಬೇಡ ಬೇಡ ಎನ್ನುವುದರೊಳಗೆ 'ಈಗ' ಎನ್ನುವುದನ್ನು ಒತ್ತಿಯೇಬಿಟ್ಟರು. ಯಂತ್ರ ಕಪ್ಪಾಯಿತು, ನೀಲಿಯಾಯಿತು, ಬಿಳಿ ಚುಕ್ಕೆಗಳು ಒಂದರ ಹಿಂದೊಂದು ಸುತ್ತತೊಡಗಿದವು. ಬೆಳಗಾಗುವುದರೊಳಗೆ ಹೊಸದಾಗಿರುತ್ತದೆ ಎಂದು ಭರವಸೆ ಕೊಟ್ಟು ಸಾಹೇಬರು ಕಾಫಿ ಮುಗಿಸಿ ಹೊರಟರು.

ಭಾನುವಾರ ಬೆಳಗ್ಗೆ ಅಕ್ಕನ ಫೋನು ಬಂತು. ತಂಗಿಗಲ್ಲ, ತಂಗಿಯ ಗಂಡನಿಗೆ. ಮಾತು ಪಿಸುಗುಟ್ಟಿದ ಹಾಗಿತ್ತು. ಕೂಡಲೇ ಬರಬೇಕು, ಆದರೆ ತಾನು ಕರೆದೆನೆಂದು ಮನೆಯವರಿಗೆ ತಿಳಿಯಬಾರದು ಎಂದರು. ಸಾಹೇಬರು ಫೋನನ್ನು ಕಿವಿಗೆ ಒತ್ತಿಕೊಂಡು ಬಾಲ್ಕನಿಗೆ ಹೋದದ್ದನ್ನು ಹೆಂಡತಿ ಗಮನಿಸಿದರು. ಫೋನು ಇಡುತ್ತಿದ್ದಂತೆ ಭಾವ ಕರೆದರು. ಅವರ ಪ್ರಕಾರ ಪಿಸುಮಾತು ಎಂದರೆ ಬೀದಿಗೆ ಮಾತ್ರ ಕೇಳಿಸಿ ಊರಿಗೆ ಕೇಳಿಸದಷ್ಟು. ಅವರೂ ಅದನ್ನೇ ಹೇಳಿದರು. ಬರಬೇಕು, ಅವಳಿಗೆ ಹೇಳಬೇಡಿ. ಸಾಹೇಬರು ಶರ್ಟು ಹಾಕಿಕೊಂಡು ಬಾಗಿಲಿಗೆ ಬಂದಾಗ ಹೆಂಡತಿ ಚಪ್ಪಲಿ ಮೆಟ್ಟಿ ಕಾಯುತ್ತಿದ್ದರು. ಯಾವತ್ತೂ ಭಾನುವಾರ ಸ್ನಾನ ಮಾಡದ ಮನುಷ್ಯ ತಲೆ ಬಾಚಿಕೊಂಡು ಹೊರಟಿದ್ದಾರೆ ಅಂದರೆ ತಾನೂ ಬರುವುದೇ ಸರಿ ಎಂದರು.

ಅಕ್ಕನ ಮನೆಯಲ್ಲಿ ಚುಕ್ಕೆಗಳು ಇನ್ನೂ ಸುತ್ತುತ್ತಿದ್ದವು. ಅವುಗಳ ಕೆಳಗೆ ಒಂದು ಒಕ್ಕಣೆ. ಸಾಹೇಬರು ಕನ್ನಡಕ ಏರಿಸಿ, ಇಂಗ್ಲಿಷಿನಲ್ಲಿದ್ದುದನ್ನು ಕೋರ್ಟಿನ ತೀರ್ಪಿನಂತೆ ಕನ್ನಡಕ್ಕೆ ಇಳಿಸಿದರು. "ಅಪ್‌ಡೇಟ್ ಮುಗಿಸುವುದು ನಮ್ಮಿಂದ ಆಗಲಿಲ್ಲ. ಮಾಡಿದ್ದನ್ನೆಲ್ಲ ಹಿಂದಕ್ಕೆ ತೆಗೆಯುತ್ತಿದ್ದೇವೆ. ಕಂಪ್ಯೂಟರನ್ನು ಆರಿಸಬೇಡಿ."

ಭಾವ ಪರದೆಯ ಹತ್ತಿರಕ್ಕೆ ಬಗ್ಗಿದರು. ಆಮೇಲೆ ಕೇಳಿದರು. "ನಮ್ಮಿಂದ ಅಂದ್ರೆ ಯಾರಿಂದ?"

ಇದು ಸಾಹೇಬರು ನಿರೀಕ್ಷಿಸದ ಪ್ರಶ್ನೆ. ಅದು ಹಾಗೆಯೇ ಹೇಳುವ ರೂಢಿ ಎಂದರು. ಭಾವ ಒಪ್ಪಲಿಲ್ಲ.

"ಇದು ಒಂದು ಯಂತ್ರ. ಒಂದೇ ಯಂತ್ರ. 'ನನ್ನಿಂದ ಆಗಲಿಲ್ಲ' ಅನ್ಬೇಕು. 'ನಾವು' ಅಂತಿದೆ. ಸಾಹೇಬ್ರೆ, ನಿನ್ನೆ ಒತ್ತಿದ್ದು ನೀವು. ಇವತ್ತು ಅದು ನಾವು ಅಂತಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ತಪ್ಪಿತಸ್ಥರ ಲಕ್ಷಣ ಎಂದು ಹಿರಿಯರು ಹೇಳುತ್ತಾರೆ. ಸಾಹೇಬರು ಯಾಕೋ ಹೆಗಲು ಒರೆಸಿಕೊಂಡರು.

ಅಷ್ಟರಲ್ಲಿ ಎದುರು ಮನೆಯ ನಿವೃತ್ತ ಜೈಲರ್ ಪೇಪರ್ ಕೇಳಿಕೊಂಡು ಬಂದರು. ನಿವೃತ್ತರಾದರೂ ಅವರು ಯಾರ ಮನೆಗೆ ಹೋದರೂ ಮೊದಲು ಕಿಟಕಿಯ ಸರಳು ಅಲುಗಾಡಿಸಿ ನೋಡುವವರು. ಪರದೆಯ ಮೇಲಿನ ಸಾಲುಗಳನ್ನು ಅವರು ಎರಡು ಸಲ ಓದಿದರು. ಅವರ ಅನುಭವದ ಪ್ರಕಾರ, ಒಬ್ಬನೇ ತಪ್ಪು ಮಾಡಿದವನು 'ನಾನು' ಎನ್ನುತ್ತಾನೆ. 'ನಾವು' ಎಂದನೆಂದರೆ ಹೊರಗೂ ಜನ ಇದ್ದಾರೆ ಎಂದೇ ಅರ್ಥ. ಇನ್ನು, ಆರಿಸಬೇಡಿ ಎಂದು ಬೇಡಿಕೊಳ್ಳುವುದು ಸಮಯ ಗಿಟ್ಟಿಸುವ ಹಳೆಯ ಉಪಾಯ. ಸುರಂಗ ತೋಡುವವರು ಹಾಗೆಯೇ ದೀಪ ಆರಿಸಬೇಡಿ, ಹೆದರಿಕೆಯಾಗುತ್ತದೆ ಎನ್ನುತ್ತಾರಂತೆ. ಇಷ್ಟು ಹೇಳಿ ಅವರು ಮುಂಬಾಗಿಲ ಚಿಲಕ ಹಾಕಿ, ಅದರ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತರು. ಪೇಪರ್ ಅವರ ಕೈಯಲ್ಲಿತ್ತು, ಕಣ್ಣು ಎಲ್ಲರ ಕೈಗಳ ಮೇಲಿತ್ತು. ಕಿಟಕಿಯಿಂದ ಮಾತು ಮೆಟ್ಟಿಲಿಗೆ ಹೋಗಿ, ಮೆಟ್ಟಿಲಿನಿಂದ ಮಹಡಿಗೆ ಹೋಯಿತು. ಮಹಡಿ ಮನೆಯವರು ತಮ್ಮ ಟಿವಿಯನ್ನೂ ಆರಿಸಿ ಅದರ ಮುಖಕ್ಕೆ ಬೆಡ್‌ಶೀಟು ಹೊದಿಸಿದರೆಂದು ಆಮೇಲೆ ತಿಳಿಯಿತು.

ಸಾಹೇಬರು ನೀರು ಕುಡಿಯಲು ಅಡುಗೆಮನೆಗೆ ಹೋದರು. ಭಾವ ಹಿಂದೆಯೇ ಬಂದು ನಲ್ಲಿ ತಿರುಗಿಸಿದರು, ನೀರಿನ ಸದ್ದಿನಲ್ಲಿ ಮಾತು ಕೇಳದಿರಲೆಂದು. ಅವರ ಸಂಕಟ ಇಷ್ಟು. ಕೆಲವು ದಿನಗಳಿಂದ ಹೆಂಡತಿ ತಾವು ಕೋಣೆಗೆ ಬಂದಕೂಡಲೇ ಲ್ಯಾಪ್‌ಟಾಪ್ ಮುಚ್ಚುತ್ತಾಳೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಅದಕ್ಕೆ ಸರಿ ಸಾರ್ ಎನ್ನುತ್ತಾಳೆ. ಇತ್ತೀಚೆಗೆ ನಿದ್ದೆಯಲ್ಲೂ ಮಾತಾಡುತ್ತಾಳೆ.

"ಏನಂತಾರೆ?" ಎಂದು ಸಾಹೇಬರು ಕೇಳಿದರು.

ಭಾವ ನಲ್ಲಿಯನ್ನು ಇನ್ನಷ್ಟು ತಿರುಗಿಸಿದರು. "'ನಿಧಾನಕ್ಕೆ ಬಿಡ್ತೀನಿ ಸಾರ್' ಅಂತಾಳೆ. ಹಾಗಂದು ಎಡಗಾಲು ಮೆಲ್ಲಗೆ ಚಾಚ್ತಾಳೆ. ನನಗೆ ಮೊಣಕಾಲಿಗೆ ಬಿತ್ತು."

ಯಾರನ್ನು ಬಿಡುತ್ತಾಳೆ, ತಮ್ಮನ್ನೇ ಏನು ಎಂಬುದು ಭಾವನ ಪ್ರಶ್ನೆ. ಯಂತ್ರಕ್ಕೆ ಜೀವ ಬಂದಕೂಡಲೇ ಒಳಗೆ ಏನಿದೆಯೆಂದು ನೋಡಿ ತಮಗೆ ಒಬ್ಬರಿಗೇ ಹೇಳಬೇಕೆಂದು ಕೈ ಹಿಡಿದುಕೊಂಡರು. ಸಾಹೇಬರು ಮಾತು ಕೊಟ್ಟರು.

ಅಡುಗೆಮನೆಯಿಂದ ಹೊರಬರುತ್ತಿದ್ದಂತೆ ಅಕ್ಕ ಬಟ್ಟೆ ಒಣಗಿಸುವ ಜಾಗಕ್ಕೆ ಕರೆದರು. ಒದ್ದೆ ಚಾದರದ ಮರೆಯಲ್ಲಿ ನಿಂತು, ನಾಲ್ಕು ಗಂಟೆಯೊಳಗೆ ಅದು ಹೇಗಾದರೂ ಸರಿಯಾಗಲೇಬೇಕು, ಯಾಕೆಂದು ಕೇಳಬಾರದು, ಏನು ಕಂಡರೂ ಇವರಿಗೆ ಹೇಳಬಾರದು ಎಂದರು. ಅವರ ಕಣ್ಣಂಚು ಒದ್ದೆಯಾಗಿತ್ತು. ಸಾಹೇಬರು ಅಲ್ಲಿಯೂ ಮಾತು ಕೊಟ್ಟರು. ಹೀಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಸ್ಥಿತಿಗೆ ಬಂದರು. ಚಾದರ ಸರಿಸಿ ನೋಡಿದರೆ ಆಚೆ ಬದಿಯಲ್ಲಿ ಅವರ ಸ್ವಂತ ಹೆಂಡತಿ ಕ್ಲಿಪ್ಪು ಹಿಡಿದು ನಿಂತಿದ್ದರು.

"ನನ್ನ ಅಕ್ಕ ಅಳ್ತಾ ನಿಮ್ಮತ್ರ ಏನು ಹೇಳಿದ್ಲು?" ಎಂದು ಅವರು ಕೇಳಿದರು. ಯಾಕೆಂದು ಕೇಳಬಾರದಂತೆ ಎಂದು ಸಾಹೇಬರು ಪ್ರಾಮಾಣಿಕವಾಗಿಯೇ ಉತ್ತರಿಸಿದರು. ಆ ಉತ್ತರದಿಂದ ಅವರ ಸಂಸಾರಕ್ಕೆ ಯಾವ ಉಪಕಾರವೂ ಆಗಲಿಲ್ಲ.

ಇನ್ನು ಕೆಲಸಕ್ಕೆ ಇಳಿಯುವುದೊಂದೇ ದಾರಿ. ಸಾಹೇಬರು ಲ್ಯಾಪ್‌ಟಾಪ್ ಮುಂದೆ ಕುಳಿತು ಬೆರಳು ಮುರಿದುಕೊಂಡರು. ಎಡಕ್ಕೆ ಭಾವ, ಬಲಕ್ಕೆ ಅಕ್ಕ, ಬೆನ್ನಿಗೆ ಹೆಂಡತಿ, ಬಾಗಿಲಿಗೆ ಜೈಲರ್. ಸಾಹೇಬರಿಗೆ ಗೊತ್ತಿದ್ದ ವಿದ್ಯೆ ಪ್ಲಗ್ಗು ಕೀಳುವುದೊಂದೇ. ಅದನ್ನೇ ಮಾಡಿದರು. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ, ಚುಕ್ಕೆಗಳು ಸುತ್ತುತ್ತಲೇ ಇದ್ದವು. ಪ್ಲಗ್ಗು ಕಿತ್ತರೂ ಸಾಯದ್ದನ್ನು ಕಂಡು ಜೈಲರ್ ಅರ್ಥಪೂರ್ಣವಾಗಿ ಕೆಮ್ಮಿದರು.

ಸಾಹೇಬರು ತಮ್ಮ ಫೋನನ್ನು ಮೇಜಿನ ಕೆಳಗೆ ಹಿಡಿದು, ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರಂತೆ ಉಪಾಯ ಹುಡುಕಿದರು. ಗುಂಡಿಯನ್ನು ಒತ್ತಿ ಹಿಡಿಯಿರಿ ಎಂದಿತ್ತು. ಆದರೆ ಪರದೆ ಆರಿಸಬೇಡಿ ಎನ್ನುತ್ತಿದೆ. ಯಾರ ಮಾತು ಕೇಳುವುದು? ಸಾಹೇಬರ ಬೆರಳು ಗುಂಡಿಯ ಹತ್ತಿರ ಹೋದಾಗಲೆಲ್ಲ ಮೇಜಿನಡಿಯಲ್ಲಿ ಭಾವನ ಬಲಗಾಲು ನೆಲವನ್ನು ಬಲವಾಗಿ ಒತ್ತುತ್ತಿತ್ತು. ಬೇರೆಯವರು ಏನನ್ನೇ ನಡೆಸಲಿ, ಭಾವ ಬ್ರೇಕ್ ಹಾಕುವವರು. ಕೊನೆಗೆ ಸಾಹೇಬರು ಕಣ್ಣು ಮುಚ್ಚಿ ಗುಂಡಿ ಒತ್ತಿ ಹಿಡಿದರು. ಪರದೆ ಆರಿತು. ಮತ್ತೆ ಹಚ್ಚಿದರೆ ಅದೇ ಚುಕ್ಕೆ, ಅದೇ 'ನಾವು'. ಮತ್ತೆ ಆರಿಸಿ, ಮತ್ತೆ ಹಚ್ಚಿ, ಹೀಗೆ ಯಂತ್ರಕ್ಕೂ ಬೇಸರವಾಗುವಷ್ಟು ಸಲ ಮಾಡಿದ ಮೇಲೆ ಬೇರೆಯದೇ ಒಂದು ಪರದೆ ಬಂತು. ಅದರಲ್ಲಿ ರಿಪೇರಿಯ ದಾರಿಗಳಿದ್ದವು. ಸಾಹೇಬರು ಸೇಫ್ ಮೋಡ್ ಎಂಬುದನ್ನು ಆಯ್ದುಕೊಂಡರು. ಅಂದರೆ ಇಷ್ಟು ದಿನ ಇದು ಸೇಫಾಗಿರಲಿಲ್ಲ ಎಂದಾಯಿತಲ್ಲ ಎಂದರು ಜೈಲರ್.

ಯಂತ್ರ ಪಾಸ್‌ವರ್ಡ್ ಕೇಳಿತು. ಎಲ್ಲರೂ ಗೋಡೆಯ ಕಡೆ ತಿರುಗಬೇಕೆಂದು ಅಕ್ಕ ಹೇಳಿದರು. ತಿರುಗಿದರು. ಕೀಲಿಗಳ ಸದ್ದು ಟಕಟಕ ಎಂದು ಬಹಳ ಹೊತ್ತು ಬಂತು. ಗೋಡೆಗೆ ಮುಖ ಮಾಡಿದ್ದ ಭಾವನ ಮುಖ ಬಾಡಿತು.

"ನನ್ನ ಹೆಸರಲ್ಲಿ ಇಷ್ಟೊಂದು ಅಕ್ಷರ ಇಲ್ಲ," ಎಂದು ಅವರು ಗೋಡೆಗೆ ಹೇಳಿದರು.

ಯಂತ್ರ ತೆರೆದುಕೊಂಡಿತು. ಅಪ್‌ಡೇಟ್ ಯಾಕೆ ನಿಂತಿತೆಂದು ಸಾಹೇಬರಿಗೆ ಈಗ ಕಣ್ಣಿಗೇ ಕಂಡಿತು. ಹೊಸದನ್ನು ಇಡಲು ಒಳಗೆ ಜಾಗವೇ ಇರಲಿಲ್ಲ. ಡಿಸ್ಕಿನ ಪಟ್ಟಿ ತುದಿಯವರೆಗೆ ಕೆಂಪಗಾಗಿತ್ತು. ಏನು ಇಷ್ಟು ಜಾಗ ತಿಂದಿದೆ ಎಂದು ಹುಡುಕಿದರು. ಫೋಟೋಗಳು ಹಗುರ, ಹಾಡುಗಳು ಹಗುರ, ಡ್ರೈವಿಂಗ್ ಸ್ಕೂಲಿನ ಫೈಲುಗಳು ಗರಿಯಷ್ಟು ಹಗುರ. ಎಲ್ಲದರ ನಡುವೆ 'ಹೊಲಿಗೆ' ಎಂಬ ಒಂದು ಫೋಲ್ಡರ್ ಆನೆಯ ಹಾಗೆ ಕುಳಿತಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಸಾಹೇಬರು ಕಂಪ್ಯೂಟರಿನ ಬಗ್ಗೆ ಹೇಳಿದ್ದೆಲ್ಲ ಊಹೆ. ಆದರೆ ತೂಕದ ಬಗ್ಗೆ ಅವರಿಗೆ ಬರುವ ಅನುಮಾನ ಊಹೆಯಲ್ಲ, ಅದು ಸರ್ಕಾರಿ ತರಬೇತಿ. ಬೆಲ್ಲದ ಮೂಟೆಯಲ್ಲಿ ಕಲ್ಲು ಇದ್ದರೆ ಅವರ ಮೂಗು ತಾನಾಗಿ ಅರಳುತ್ತಿತ್ತು. ಈಗಲೂ ಅರಳಿತು. ಅಕ್ಕನಿಗೆ, ಭಾವನಿಗೆ ಕೊಟ್ಟ ಮಾತುಗಳೆರಡೂ ಮರೆತುಹೋಗಿ, ಇಲಾಖೆ ಒಂದೇ ಉಳಿಯಿತು.

"ಹೊಲಿಗೆ ಇಷ್ಟು ತೂಗಲ್ಲ," ಎಂದರು ಸಾಹೇಬರು ಗಟ್ಟಿಯಾಗಿ.

ಅಕ್ಕ ಕುರ್ಚಿಯಿಂದ ಎದ್ದರು. ಅವು ಬ್ಲೌಸಿನ ಕತ್ತರಿಕೆಯ ವಿಡಿಯೋಗಳು, ಅವನ್ನು ಮುಟ್ಟುವುದು ಬೇಡ ಎಂದರು. ಬ್ಲೌಸಿಗೆ ಎಷ್ಟು ಬಟ್ಟೆ ಬೇಕೆಂದು ತನಗೂ ಗೊತ್ತಿದೆ ಎಂದು ತಂಗಿ ನಡುವೆ ಬಾಯಿ ಹಾಕಿದರು. ಈ ಮನೆಯಲ್ಲಿ ಹೊಲಿಗೆ ಯಂತ್ರವನ್ನೇ ತಾವು ನೋಡಿಲ್ಲವಲ್ಲ ಎಂದು ಜೈಲರ್ ಬಾಗಿಲಿನಿಂದ ನೆನಪಿಸಿದರು. ಭಾವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಸಾಹೇಬರು ಫೋಲ್ಡರ್ ತೆರೆದು ಮೊದಲ ವಿಡಿಯೋವನ್ನು ಎರಡು ಸಲ ಒತ್ತಿದರು.

ಲ್ಯಾಪ್‌ಟಾಪಿನಿಂದ ಗಂಡಸಿನ ದನಿ ಬಂತು. ಬೆಣ್ಣೆಯಂಥ ದನಿ. "ಹೆದರಬೇಡಿ ಮೇಡಂ. ಎಡಗಾಲು ನಿಧಾನಕ್ಕೆ ಬಿಡಿ. ಅವಸರ ಇಲ್ಲ. ನಾನು ಪಕ್ಕದಲ್ಲೇ ಇದೀನಿ."

ಪರದೆಯ ಮೇಲೆ ಒಂದು ಕಾರಿನ ಒಳಭಾಗ, ಒಂದು ಕಾಲು, ಒಂದು ಕ್ಲಚ್ಚು. ಮೂಲೆಯಲ್ಲಿ ಎದುರು ಸ್ಕೂಲಿನ ಬೋರ್ಡು.

ಜೈಲರ್ ಪೇಪರ್ ಮಡಿಚಿದರು. ಅವರ ಸರ್ವೀಸಿನಲ್ಲಿ ಇಂಥ ಕೇಸು ಬಂದಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಭಾವ ಎದ್ದು ನಿಂತರು, ಕುಳಿತರು, ಮತ್ತೆ ಎದ್ದರು. ಯಾವನೋ ಬೇರೆಯವನಾಗಿದ್ದರೆ ಅವರು ಏನು ಮಾಡುತ್ತಿದ್ದರೋ ಗೊತ್ತಿಲ್ಲ. ಅದಕ್ಕೆಲ್ಲ ಲೋಕದಲ್ಲಿ ಒಂದು ರೀತಿ ನೀತಿ ಇದೆ. ಡ್ರೈವಿಂಗ್ ಸ್ಕೂಲಿನವನ ಹೆಂಡತಿ ಎದುರು ಸ್ಕೂಲಿನವನಿಂದ ಕ್ಲಚ್ಚು ಕಲಿತರೆ ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿ ಹೋಗಿಲ್ಲ.

"ಸಕ್ಕರೆ," ಎಂದರು ಭಾವ. ಅಷ್ಟೇ. ಅದೂ ಎಂದಿನ ದನಿಯಲ್ಲಲ್ಲ. ಮೊದಲ ಬಾರಿಗೆ ಅವರ ಮಾತು ಪಕ್ಕದ ಮನೆಗೆ ಕೇಳಿಸಲಿಲ್ಲ.

ಅಕ್ಕ ಬಚ್ಚಿಡುವುದನ್ನು ಬಿಟ್ಟರು. ನಾಲ್ಕು ಗಂಟೆಗೆ ಕಲಿಕೆ ಲೈಸೆನ್ಸಿನ ಪರೀಕ್ಷೆ, ಮನೆಯಲ್ಲೇ ಕುಳಿತು ಕ್ಯಾಮೆರಾ ಮುಂದೆ ಬರೆಯುವುದು. ಅದಕ್ಕಾಗಿ ವಿಡಿಯೋ ಪಾಠ ಕೇಳಿದ್ದು ನಿಜ, ಇನ್ನೂ ಕಾರಿಗೆ ಹತ್ತಿಲ್ಲ. ಇವತ್ತು ತಪ್ಪಿದರೆ ಮತ್ತೆ ದಿನ ಸಿಗುವುದು ಯಾವಾಗಲೋ, ಅಷ್ಟರಲ್ಲಿ ತನಗೇ ಧೈರ್ಯ ಹೋಗಿರುತ್ತದೆ. ಇಷ್ಟನ್ನೂ ಮೇಜಿನ ಅಂಚು ನೋಡುತ್ತಾ ಹೇಳಿದರು. ಆಮೇಲೆ ಗಂಡನ ಮುಖ ನೋಡಿದರು.

"ನಿಮ್ಮತ್ರ ಕಲಿಬಾರದು ಅಂತಲ್ಲ. ನೀವು ಊರಿಗೆಲ್ಲ ಬೈದು ಕಲಿಸ್ತೀರಿ, ಅವರು ಕಲಿತು ಮನೆಗೆ ಹೋಗ್ತಾರೆ. ನಾನು ಬೈಸ್ಕೊಂಡು ನಿಮ್ ಜೊತೆನೇ ಮನೆಗೆ ಬರಬೇಕು. ನಿಮಗೆ ಅಡುಗೆ ಮಾಡಿ ಬಡಿಸ್ಬೇಕು. ನಂಗೆ ಆಗಲ್ಲ ರೀ."

ವಿಡಿಯೋದ ದನಿ ಮಾತ್ರ ತನ್ನ ಪಾಡಿಗೆ ಏರುರಸ್ತೆಯಲ್ಲಿ ಕಾರು ನಿಲ್ಲಿಸಿ ಮತ್ತೆ ಹೊರಡುವುದು ಹೇಗೆಂದು ವಿವರಿಸುತ್ತಿತ್ತು. ಭಾವ ಕೇಳಿಸಿಕೊಂಡರು. ಅವರ ಕಿವಿ ನಿಮಿರಿತು.

"ತಪ್ಪು," ಎಂದರು. "ಹ್ಯಾಂಡ್‌ಬ್ರೇಕ್ ಮೊದಲೇ ಬಿಡಿ ಅಂತಾನೆ. ಗಾಡಿ ಹಿಂದಕ್ಕೆ ಉರುಳತ್ತೆ." ಆಮೇಲೆ ಹೆಂಡತಿಯ ಕಡೆ ತಿರುಗಿ, ಬಾಯಿ ತೆರೆದು, ಎಂದಿನ ದನಿ ಗಂಟಲಿಗೆ ಬಂದದ್ದನ್ನು ಬಿಸಿ ತುಪ್ಪದಂತೆ ನುಂಗಿಕೊಂಡರು. "ಅಳಿಸು ಅದನ್ನ. ಜಾಗ ಆಗತ್ತೆ. ಅದ್ರಲ್ಲಿರೋದೆಲ್ಲ ನಾನು ಹೇಳಿಕೊಡ್ತೀನಿ. ಮೆತ್ತಗೆ."

ಅವರು ಮೆತ್ತಗೆ ಎಂದದ್ದನ್ನು ಅಕ್ಕ ಸ್ವಲ್ಪ ಹೊತ್ತು ಅನುಮಾನದಿಂದ ನೋಡಿದರು. ಆ ಮನೆಯಲ್ಲಿ ಆ ಶಬ್ದ ಹೊಸದು. ಕೊನೆಗೆ ತಾವೇ ಕುಳಿತು ವಿಡಿಯೋಗಳನ್ನು ಒಂದೊಂದಾಗಿ ಅಳಿಸಿದರು. ಸಾಹೇಬರು ಪಕ್ಕದಲ್ಲಿ ನಿಂತು ಕೆಂಪು ಪಟ್ಟಿ ನೀಲಿಯಾಗುವುದನ್ನು ತಾವೇ ಮಾಡಿದಂತೆ ತಲೆದೂಗಿದರು. ಯಂತ್ರವನ್ನು ಆರಿಸಿ ಹಚ್ಚಿದಾಗ ಚುಕ್ಕೆಗಳು ಎರಡು ಸುತ್ತು ಸುತ್ತಿ, ಹಳೆಯ ಪರದೆ ಏನೂ ನಡೆದಿಲ್ಲವೆಂಬಂತೆ ಬಂದು ನಿಂತಿತು. ಮೂಲೆಯಲ್ಲಿ ಆ ಸಣ್ಣ ಚೌಕ ಮತ್ತೆ ಎದ್ದು, ಅಪ್‌ಡೇಟ್ ಈಗಲೋ ಆಮೇಲೋ ಎಂದಿತು. ಸಾಹೇಬರ ಕೈ ಏಳುವ ಮೊದಲೇ ಹೆಂಡತಿ ಅದನ್ನು ಹಿಡಿದುಕೊಂಡರು.

ಪರೀಕ್ಷೆಯ ನಿಯಮ ಬಿಗಿಯಾಗಿತ್ತು. ಕೋಣೆಯಲ್ಲಿ ಇನ್ನೊಬ್ಬರು ಇರಬಾರದು, ಇನ್ನೊಬ್ಬರ ದನಿ ಕೇಳಿಸಬಾರದು. ಎಲ್ಲರೂ ಹೊರಗೆ ಮೆಟ್ಟಿಲಿಗೆ ಬಂದರು. ಕಾವಲು ಯಾರದೆಂದು ಕೇಳಬೇಕಾಗಿಯೇ ಇರಲಿಲ್ಲ. ಜೈಲರ್ ಆಗಲೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಬಾಗಿಲ ಸಂದಿನಿಂದ ಅಕ್ಕ ಪ್ರಶ್ನೆಗಳನ್ನು ಮೆಲ್ಲಗೆ ಓದಿಕೊಳ್ಳುವುದು ಕೇಳುತ್ತಿತ್ತು. ಮಿನುಗುವ ಹಳದಿ ದೀಪಕ್ಕೆ ಏನರ್ಥ ಎಂಬ ಪ್ರಶ್ನೆ ಬಂದು, ಅಕ್ಕ ತಡವರಿಸಿದರು. ಭಾವನ ಎದೆ ಉಬ್ಬಿತು. ಊರಿಗೆಲ್ಲ ಆ ಉತ್ತರವನ್ನು ಕೂಗಿ ಹೇಳಿದ ಮನುಷ್ಯ, ಈಗ ಉತ್ತರ ನಾಲಿಗೆಯ ತುದಿಯಲ್ಲಿದ್ದೂ ಹೇಳುವಂತಿಲ್ಲ. ಸಾಹೇಬರು ಅವರ ಬಾಯಿಗೆ ಕೈ ಇಡಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗ ಭಾವ ತಾವೇ ಶರ್ಟಿನ ಕಾಲರನ್ನು ಬಾಯಿಗೆ ತುರುಕಿಕೊಂಡರು. ಮಹಡಿ ಮನೆಯವರು ಇಳಿದು ಬಂದು, ಒಳಗಿನವರು ಸಿಕ್ಕಿಬಿದ್ದರೇ ಎಂದು ವಿಚಾರಿಸಿದರು. ಇನ್ನೂ ಇಲ್ಲ, ವಿಚಾರಣೆ ನಡೆದಿದೆ ಎಂದರು ಜೈಲರ್.

ಬಾಗಿಲು ತೆರೆದಾಗ ಅಕ್ಕ ಲ್ಯಾಪ್‌ಟಾಪನ್ನೇ ಎತ್ತಿ ತೋರಿಸಿದರು. ಹಸಿರು ಅಕ್ಷರದಲ್ಲಿ ಪಾಸು ಎಂದಿತ್ತು. ಭಾವ ಕಾಲರು ಬಾಯಿಂದ ತೆಗೆದು, ಹಳದಿ ದೀಪಕ್ಕೆ ಏನು ಬರೆದೆ ಎಂದು ಕೇಳಿದರು. ನಿಧಾನಿಸಿ, ನೋಡಿ, ಮುಂದೆ ಹೋಗಬೇಕು ಎಂದು ಬರೆದೆ ಎಂದರು ಅಕ್ಕ. ಭಾವ ತಲೆಯಾಡಿಸಿದರು. ತಾವು ಇಷ್ಟು ವರ್ಷ ಹೇಳಿಕೊಟ್ಟದ್ದೂ ಅದನ್ನೇ ಎಂದು ಅವರಿಗೆ ಒಂದು ಸಮಾಧಾನ. ಹಾಗೆ ಹೇಳಿಕೊಟ್ಟಿದ್ದು ಯಾರಿಗೂ ಕೇಳಿಸಿರಲಿಲ್ಲ, ಕೂಗಷ್ಟೇ ಕೇಳಿಸಿತ್ತು ಎಂದು ಯಾರೂ ಹೇಳಲಿಲ್ಲ.

ಮುಂದಿನ ಭಾನುವಾರ ಅಕ್ಕ ಸ್ಟಿಯರಿಂಗ್ ಹಿಡಿದರು. ಪಕ್ಕದಲ್ಲಿ ಭಾವ. ಹಿಂದಿನ ಸೀಟಿನಲ್ಲಿ ಧೈರ್ಯಕ್ಕೆಂದು ತಂಗಿ, ತಾಂತ್ರಿಕ ಸಲಹೆಗೆಂದು ತಕ್ಕಡಿ ಸಾಹೇಬರು. ಲ್ಯಾಪ್‌ಟಾಪ್ ಸರಿಹೋದದ್ದು ತಮ್ಮ ಕೈಗುಣದಿಂದ ಎಂಬ ನಂಬಿಕೆ ಒಂದು ವಾರದಲ್ಲಿ ಅವರಲ್ಲಿ ಹೆಪ್ಪುಗಟ್ಟಿತ್ತು. ಯಂತ್ರ ಯಾವುದಾದರೇನು, ಒಳಗಿನ ತರ್ಕ ಒಂದೇ ಎಂದು ಹೊರಡುವ ಮೊದಲೇ ಹೇಳಿದ್ದರು. ಬೀದಿಯವರೆಲ್ಲ ಗೇಟಿಗೆ ಬಂದು ನಿಂತಿದ್ದರು. ಭಾವ ಯಾವಾಗ ಕೂಗುತ್ತಾರೆಂದು ಅವರಿಗೆ ಕುತೂಹಲ. ಭಾವ ಕೂಗಲಿಲ್ಲ. ಕಾರು ಎರಡು ಸಲ ಕುಪ್ಪಳಿಸಿ ನಿಂತಿತು, ಕೂಗಲಿಲ್ಲ. ಹಾಲಿನ ಅಂಗಡಿಯ ಮೆಟ್ಟಿಲನ್ನು ಸವರಿಕೊಂಡು ಹೋಯಿತು, ಕೂಗಲಿಲ್ಲ. ಅವರ ಕುತ್ತಿಗೆಯ ನರ ಹಗ್ಗದಂತೆ ಎದ್ದಿತ್ತು, ಆದರೆ ಬಾಯಿಂದ ಬಂದದ್ದು "ಪರವಾಗಿಲ್ಲ, ಇನ್ನೊಂದ್ಸಲ" ಎಂಬುದೊಂದೇ. ಅಕ್ಕ ನಕ್ಕರು. ಕಾರು ಸರಾಗವಾಗಿ ಉರುಳತೊಡಗಿತು.

ಮುಖ್ಯರಸ್ತೆಗೆ ಬರುವವರೆಗೂ ಎಲ್ಲ ಚೆನ್ನಾಗಿತ್ತು. ಅಲ್ಲಿ ಒಂದು ಬಸ್ಸು ಎದುರಾಯಿತು. ಹಿಂದಿನ ಸೀಟಿನಿಂದ ಸಾಹೇಬರು ಎರಡೂ ಸೀಟುಗಳ ನಡುವೆ ತಲೆ ತೂರಿಸಿ, ಎಡಕ್ಕೆ, ಬ್ರೇಕು, ಹಾರ್ನು, ಗೇರು ಎಂದು ನಾಲ್ಕನ್ನೂ ಒಂದೇ ಉಸಿರಿಗೆ ಒದರಿದರು. ಅಕ್ಕ ಕಾರನ್ನು ರಸ್ತೆಯ ಅಂಚಿಗೆ ತಂದು, ಬಹಳ ಅಚ್ಚುಕಟ್ಟಾಗಿ ನಿಲ್ಲಿಸಿದರು. ಹಿಂದಕ್ಕೆ ತಿರುಗಿ, ನಿಮಗೆ ಕಾರು ಓಡಿಸೋಕೆ ಬರುತ್ತಾ ಎಂದು ಕೇಳಿದರು.

ಸಾಹೇಬರು ಜೀವಮಾನದಲ್ಲಿ ಸ್ಟಿಯರಿಂಗ್ ಮುಟ್ಟಿದವರಲ್ಲ. ತತ್ವ ಗೊತ್ತಿದೆ ಎಂದರು.

"ಹಾಗಾದ್ರೆ ಇಳೀರಿ," ಎಂದರು ಅಕ್ಕ. ದನಿ ಎತ್ತಿರಲಿಲ್ಲ. ಭಾವ ಕಿಟಕಿಯಾಚೆ ಆಕಾಶ ನೋಡಿದರು. ಹೆಂಡತಿಯಾದರೂ ತಮ್ಮ ಜೊತೆ ಇಳಿಯುತ್ತಾರೆಂದು ಸಾಹೇಬರು ಬಾಗಿಲು ಹಿಡಿದು ಕಾದರು. ಅವರು ಒಳಗಿನಿಂದ ಬಾಗಿಲು ಎಳೆದುಕೊಂಡರು.

ಬಿಸಿಲು ಏರಿತ್ತು. ಸಾಹೇಬರು ಸ್ವಲ್ಪ ದೂರ ನಡೆದಿದ್ದಾರೆ, ಒಂದು ಕಾರು ಬಂದು ಪಕ್ಕದಲ್ಲಿ ಸದ್ದಿಲ್ಲದೆ ನಿಂತಿತು. ಕಿಟಕಿ ಇಳಿಯಿತು. ಬೆಣ್ಣೆಯಂಥ ದನಿ, "ಯಾಕೆ ಸಾರ್ ಬಿಸಿಲಲ್ಲಿ ನಡೀತಿದೀರಾ, ಬನ್ನಿ, ಬಿಟ್ಟು ಹೋಗ್ತೀನಿ," ಎಂದಿತು. ದಣಿದ ಮನುಷ್ಯ ಬೋರ್ಡು ಓದುವುದಿಲ್ಲ. ಸಾಹೇಬರು ಹತ್ತಿ ಕುಳಿತು, ತಂಪು ಗಾಳಿಗೆ ಮುಖ ಒಡ್ಡಿ, ಬೆಲ್ಟು ಹಾಕಿಕೊಂಡ ಮೇಲೆಯೇ ಮುಂದಿನ ಗಾಜಿನ ಮೇಲಿದ್ದ ಸ್ಕೂಲಿನ ಹೆಸರು ಉಲ್ಟಾ ಕಂಡದ್ದು. ಅಷ್ಟರಲ್ಲಿ ಕಾರು ಸಿಗ್ನಲ್ಲಿಗೆ ಬಂದಿತ್ತು.

ಪಕ್ಕದ ಸಾಲಿನಲ್ಲಿ ಅಕ್ಕನ ಕಾರು ನಿಂತಿತ್ತು.

ಭಾವ ತಿರುಗಿ ನೋಡಿದರು. ಮೊದಲು ಸಕ್ಕರೆ ಮೇಷ್ಟ್ರನ್ನು, ಆಮೇಲೆ ಅವರ ಪಕ್ಕದಲ್ಲಿ ಬೆಲ್ಟು ಬಿಗಿದು ಕುಳಿತ ತಮ್ಮ ಷಡ್ಡಕನನ್ನು. ಹಿಂದಿನ ಸೀಟಿನಿಂದ ಸಾಹೇಬರ ಹೆಂಡತಿಯೂ ನೋಡಿದರು. ಸಕ್ಕರೆ ಮೇಷ್ಟ್ರು ವಿನಯದಿಂದ ಕೈ ಮುಗಿದು, ನಿಮ್ಮ ಸಾಹೇಬರು ನಮ್ಮ ಜೊತೆ ಇದ್ದಾರೆ, ಚಿಂತೆ ಬೇಡ ಎಂದರು. ಸಾಹೇಬರು ವಿವರಿಸಲು ಬಾಯಿ ತೆರೆದರು.

ಒಂದು ವಾರದಿಂದ ತಡೆದು ಇಟ್ಟುಕೊಂಡಿದ್ದ ಕೂಗು ಭಾವನ ಗಂಟಲಿನಿಂದ ಹೊರಟಿತು. ಅಡ್ಡರಸ್ತೆಯ ಸೈಕಲ್ಲುಗಳು ನಿಂತವು. ಆದರೆ ಅದೇ ಗಳಿಗೆಗೆ ದೀಪ ಹಸಿರಾಯಿತು. ಅಕ್ಕ ಎಡಗಾಲು ನಿಧಾನಕ್ಕೆ ಬಿಟ್ಟರು. ಕಾರು ಒಂದಿಷ್ಟೂ ಕುಪ್ಪಳಿಸದೆ, ನೀರಿನ ಮೇಲಿನ ಎಲೆಯಂತೆ ಮುಂದೆ ಸರಿಯಿತು. ಬೈಗುಳದ ಮೊದಲರ್ಧ ತಕ್ಕಡಿ ಸಾಹೇಬರಿಗೆ ತಲುಪಿತು. ಉಳಿದರ್ಧವನ್ನು ಅಕ್ಕ ತಿರುವಿನಾಚೆಗೆ ಹೊತ್ತುಕೊಂಡು ಹೋದರು.